ಅಪ್‌ಡೇಟ್: ಕ್ರಾಸ್‌ಪ್ಲೇನ್ ಪ್ರೊವೈಡರ್ ಕೊನೆಗೂ ಎದ್ದು ನಿಂತಿತು

ನಾನೇ ಪ್ಯಾಕೇಜ್ ಮಾಡಿದ ಕ್ರಾಸ್‌ಪ್ಲೇನ್ ಪ್ರೊವೈಡರ್ ಕುಬರ್ನೆಟಿಸ್ (ಕಂಟೇನರ್‌ಗಳನ್ನು ಓಡಿಸುವ ವ್ಯವಸ್ಥೆ) ಕ್ಲಸ್ಟರ್‌ನಲ್ಲಿ ಇನ್‌ಸ್ಟಾಲ್ ಆಗುತ್ತಿಲ್ಲ ಅಂತ ಹೋದ ವಾರ ಕೇಳಿದ್ದೆ. ಕ್ರಾಸ್‌ಪ್ಲೇನ್ ಅಂದರೆ ಕುಬರ್ನೆಟಿಸ್ ಮೂಲಕವೇ ಕ್ಲೌಡ್ ಸಂಪನ್ಮೂಲಗಳನ್ನು ನಿಭಾಯಿಸುವ ಸಾಧನ, ಪ್ರೊವೈಡರ್ ಅಂದರೆ ಅದನ್ನು ಕ್ಲೌಡ್‌ನಂಥ ಹೊರಗಿನ ಸೇವೆಗೆ ಜೋಡಿಸುವ ಪ್ಲಗಿನ್. ಈಗ ಸರಿಯಾಗಿದೆ. ತಪ್ಪು ನನ್ನದೇ, ಅದೂ ಎರಡೆರಡು.

ಮೊದಲನೆಯದನ್ನು ನೀವೇ ಹೇಳಿದ್ದಿರಿ. ನಮ್ಮ ರಿಜಿಸ್ಟ್ರಿ (ಪ್ಯಾಕೇಜ್‌ಗಳನ್ನು ಇಡುವ ಸರ್ವರ್) ಪ್ರೈವೇಟ್. ಪುಲ್ ಸೀಕ್ರೆಟ್ (ಅಲ್ಲಿಂದ ಇಳಿಸಿಕೊಳ್ಳಲು ಬೇಕಾದ ಲಾಗಿನ್ ಗುಟ್ಟು) ಕ್ರಾಸ್‌ಪ್ಲೇನ್ ಇರುವ ನೇಮ್‌ಸ್ಪೇಸ್‌ನಲ್ಲೇ, ಅಂದರೆ ಕ್ಲಸ್ಟರ್‌ನ ಅದೇ ವಿಭಾಗದಲ್ಲೇ ಇರಬೇಕು, ನಾನು 'ಡೀಫಾಲ್ಟ್' ಎಂಬ ನೇಮ್‌ಸ್ಪೇಸ್‌ನಲ್ಲಿ ಇಟ್ಟಿದ್ದೆ. ಬದಲಿಸಿದ ಕೂಡಲೇ ಪ್ರೊವೈಡರ್‌ನ 'ಇನ್‌ಸ್ಟಾಲ್ಡ್' ಸ್ಥಿತಿ ಟ್ರೂ ಆಯಿತು.

ಆದರೆ 'ಹೆಲ್ದಿ' ಮಾತ್ರ ಫಾಲ್ಸ್! ಇದು ಎರಡು ದಿನ ತಿಂದಿತು. ಪ್ರೊವೈಡರ್ ಓಡಬೇಕಾದ ಪಾಡ್ (ಕಂಟೇನರ್ ಓಡುವ ಘಟಕ) ಶುರುವೇ ಆಗುತ್ತಿರಲಿಲ್ಲ. ರಾತ್ರಿ ತುಮಕೂರಿನ ಮನೆಯಲ್ಲಿ ಕರೆಂಟ್ ಹೋಗಿ ಯುಪಿಎಸ್ ಕುಂಯ್ ಅನ್ನುತ್ತಿದ್ದಾಗ ಪಾಡ್‌ನ ಡಿಸ್ಕ್ರೈಬ್ ಔಟ್‌ಪುಟ್ ನಿಧಾನವಾಗಿ ಓದಿದೆ. ಓಡಿಸಲು ಕಮಾಂಡೇ ಇಲ್ಲವಂತೆ. ಪ್ಯಾಕೇಜ್ ಅಂದರೆ ಅದೂ ಒಂದು ಓಸಿಐ ಇಮೇಜ್ (ಕಂಟೇನರ್ ಇಮೇಜ್‌ನ ಸಾಮಾನ್ಯ ಮಾದರಿ) ಅಲ್ವಾ? ಅದರೊಳಗೆ ಬರೀ ಸಿಆರ್‌ಡಿ ಯಾಮಲ್ (ಹೊಸ ಸಂಪನ್ಮೂಲಗಳನ್ನು ಕುಬರ್ನೆಟಿಸ್‌ಗೆ ವಿವರಿಸುವ ಫೈಲ್‌ಗಳು) ತುಂಬಿ, ನಿಜವಾಗಿ ಕೆಲಸ ಮಾಡುವ ಪ್ರೋಗ್ರಾಂ ಆದ ಕಂಟ್ರೋಲರ್ ಹಾಕುವುದನ್ನೇ ಮರೆತಿದ್ದೆ. ತಟ್ಟೆ ಇಡ್ಲಿಯಲ್ಲಿ ಬರೀ ತಟ್ಟೆ ಕೊಟ್ಟ ಹಾಗೆ! ಪ್ಯಾಕೇಜ್ ಕಟ್ಟುವ 'ಎಕ್ಸ್‌ಪಿಕೆಜಿ ಬಿಲ್ಡ್' ಕಮಾಂಡ್‌ಗೆ 'ಎಂಬೆಡ್ ರನ್‌ಟೈಮ್ ಇಮೇಜ್' ಫ್ಲ್ಯಾಗ್ ಕೊಟ್ಟು ಕಂಟ್ರೋಲರ್ ಸೇರಿಸಿ, ಹೊಸ ಟ್ಯಾಗ್‌ನಲ್ಲಿ (ಆವೃತ್ತಿ ಗುರುತು) ರಿಜಿಸ್ಟ್ರಿಗೆ ಪುಶ್ ಮಾಡಿದೆ. ಹಳೇ ಟ್ಯಾಗ್‌ಗೇ ತಳ್ಳಬೇಡಿ. ಡೀಫಾಲ್ಟ್ ಪುಲ್ ಪಾಲಿಸಿಯಲ್ಲಿ ಕ್ರಾಸ್‌ಪ್ಲೇನ್ ಅದನ್ನು ಮತ್ತೆ ಎಳೆದುಕೊಳ್ಳುವುದಿಲ್ಲ.

ಈಗ ಎರಡೂ ಟ್ರೂ. ನಾಳೆ ಇದರ ಮೂಲಕ ಸುಮ್ನೆ ಒಂದು ಸ್ಟೋರೇಜ್ ಬಕೆಟ್ (ಕ್ಲೌಡ್‌ನಲ್ಲಿ ಫೈಲ್ ಇಡುವ ಜಾಗ) ಮಾಡಿ ನೋಡುತ್ತೇನೆ.