ಅಪ್‌ಡೇಟ್: ಪುಟ್ಟಿ ನಡೆದಳು!

ಎರಡು ತಿಂಗಳ ಹಿಂದೆ ಕೇಳಿದ್ದೆ, 14 ತಿಂಗಳಾದರೂ ಮಗಳು ನಡೆಯುತ್ತಿಲ್ಲ, ವಾಕರ್ ಕೊಡಿಸಲಾ ಅಂತ. ಬೇಡ ಅಂದವರಿಗೆಲ್ಲ ಥ್ಯಾಂಕ್ಸ್. ಡಾಕ್ಟರೂ ಅದನ್ನೇ ಹೇಳಿದರು: 18 ತಿಂಗಳವರೆಗೆ ಕಾಯಬಹುದು, ವಾಕರಿನಲ್ಲಿ ಬೀಳುವ ಭಯವೇ ಜಾಸ್ತಿ. ನಾನೇ ಸುಮ್ನೆ ಗಾಬರಿಯಾಗಿದ್ದೆ.

ಹೋದ ಭಾನುವಾರ ಉಣಕಲ್ ಕೆರೆಯ ಹತ್ತಿರ ಗಿರ್ಮಿಟ್ ತಿನ್ನುತ್ತಾ ಕೂತಿದ್ದೆವು. ನನ್ನ ಮೊಣಕಾಲು ಹಿಡಿದು ನಿಂತಿದ್ದವಳು ಕೈಬಿಟ್ಟು ಅಜ್ಜಿಯ ಕಡೆ ನಾಲ್ಕು ಹೆಜ್ಜೆ ಇಟ್ಟೇಬಿಟ್ಟಳು! ಅತ್ತೆ 'ಬಾ ನನ್ನವ್ವ, ಬಾ' ಅನ್ನುತ್ತಾ ಅತ್ತೇಬಿಟ್ಟರು. ಗಿರ್ಮಿಟ್ ನೆಲದ ಪಾಲು.

ತೂಕ 9.2 ಕೆಜಿ. ಅಂಗನವಾಡಿಯಲ್ಲಿ ತೂಗಿ, ಚಾರ್ಟಿನ ಹಸಿರು ಪಟ್ಟಿಯಲ್ಲೇ ಇದೆ ಅಂದರು. ಹಾಲಲ್ಲಿ ನೆನೆಸಿದ ಜೋಳದ ರೊಟ್ಟಿ ಇಷ್ಟ, ರಾಗಿ ಅಂದರೆ ಮುಖ ತಿರುಗಿಸುತ್ತಾಳೆ. ಮಾತು? 'ಅವ್ವ', 'ಬೌ ಬೌ', ಉಳಿದ ಎಲ್ಲದಕ್ಕೂ 'ಒಲ್ಲೆ'.