ಸಹಾಯ ಬೇಕು: ಹಾರ್ಡ್ ಡಿಸ್ಕ್ ಪೂರ್ತಿ ಕೈ ಕೊಡೋ ಮೊದಲು ಡೇಟಾ ತೆಗೀಬೇಕು

ಎಲ್ಲರಿಗೂ ನಮಸ್ಕಾರ. ಅಪ್ಪನ ಡೆಸ್ಕ್‌ಟಾಪಿನ 1 ಟಿಬಿ ಹಾರ್ಡ್ ಡಿಸ್ಕ್ (ಎಸ್‌ಎಸ್‌ಡಿ ಅಲ್ಲ, ತಿರುಗೋ ಹಳೇ ಥರದ್ದು) ಹಾಳಾಗ್ತಿದೆ. ಫೋಟೊ ಫೋಲ್ಡರ್ ತೆರೆದರೆ ಅಲ್ಲೇ ಹ್ಯಾಂಗ್. ಡಿಸ್ಕ್ ಆರೋಗ್ಯ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಹಳದಿ ಬಣ್ಣ (ಅಂದ್ರೆ ಎಚ್ಚರಿಕೆ), ಕರೆಂಟ್ ಪೆಂಡಿಂಗ್ ಸೆಕ್ಟರ್ (ಸರಿಯಾಗಿ ಓದೋಕಾಗದ ಜಾಗಗಳು) ಸಂಖ್ಯೆ ಏರ್ತಾನೇ ಇದೆ. ಡಿಸ್ಕನ್ನ ಮದರ್‌ಬೋರ್ಡಿಗೆ ಜೋಡಿಸೋ ಸಾಟಾ ಕೇಬಲ್, ಪೋರ್ಟ್ ಎರಡೂ ಬದಲಿಸಿದೆ, ಅದೇ ಕಥೆ. ಟಕ್ ಟಕ್ ಸದ್ದು ಮಾತ್ರ ಬಂದಿಲ್ಲ, ಸದ್ಯ!

ರಿಪೇರಿ ಅಂಗಡಿಯವರು ವಿಂಡೋಸಿನ ಚೆಕ್‌ಡಿಸ್ಕ್ ಓಡಿಸಿ ಅಂದ್ರು. ಅದು ಫೈಲ್ ಸಿಸ್ಟಮ್ ಸರಿಮಾಡೋಕೆ ಅದೇ ಡಿಸ್ಕ್ ಮೇಲೆ ಬರೆಯುತ್ತೆ, ಸಾಯ್ತಿರೋ ಡಿಸ್ಕನ್ನ ಇನ್ನಷ್ಟು ದುಡಿಸುತ್ತೆ. ಹಾಗಾಗಿ ಬೇಡ ಅಂದೆ. ಡಿಸ್ಕ್ ಈಗ ಬಿಚ್ಚಿಟ್ಟಿದ್ದೀನಿ.

ಯೋಚನೆ ಇಷ್ಟು: ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ (ಇನ್‌ಸ್ಟಾಲ್ ಮಾಡದೇ ಓಡೋದು) ಬೂಟ್ ಮಾಡಿ, ಡಿಡಿರೆಸ್ಕ್ಯೂ ಅನ್ನೋ ನಕಲು ತೆಗೆಯೋ ಟೂಲ್‌ನಲ್ಲಿ ಹೊಸ 2 ಟಿಬಿ ಡಿಸ್ಕಿಗೆ ಇಮೇಜ್ (ಇಡೀ ಡಿಸ್ಕಿನ ಯಥಾವತ್ ನಕಲು) ತೆಗೆಯೋದು. ಮೊದಲ ಸುತ್ತಲ್ಲಿ ಸಲೀಸಾಗಿ ಓದೋ ಭಾಗ, ಹಠಮಾರಿ ಸೆಕ್ಟರ್‌ಗಳು ಆಮೇಲೆ. ಎಲ್ಲಿವರೆಗೆ ಓದಿದೆ ಅಂತ ಬರೆದಿಡೋ ಮ್ಯಾಪ್ ಫೈಲ್ ಇದ್ದರೆ ಮಧ್ಯೆ ನಿಲ್ಲಿಸಿದರೂ ಅಲ್ಲಿಂದಲೇ ಮುಂದುವರಿಸಬಹುದು. ಆಮೇಲೆ ಇಮೇಜಿನ ಮೇಲೆ ಪಾರ್ಟಿಶನ್, ಫೈಲ್ ಹುಡುಕಿ ಕೊಡೋ ಟೆಸ್ಟ್‌ಡಿಸ್ಕ್, ಅದೂ ಆಗದಿದ್ದರೆ ಫೈಲ್‌ಗಳನ್ನಷ್ಟೇ ಹೆಕ್ಕಿ ತೆಗೆಯೋ ಫೋಟೊರೆಕ್ (ಫೈಲ್ ಹೆಸರುಗಳು ಹೋಗುತ್ತವೆ, ಹೋಗಲಿ).

ಇದನ್ನ ನಿಜವಾಗಿ ಮಾಡಿದವರು ಹೇಳಿ: ಯುಎಸ್‌ಬಿ ಡಾಕ್ (ಡಿಸ್ಕನ್ನ ಯುಎಸ್‌ಬಿಗೆ ಜೋಡಿಸೋ ಪೆಟ್ಟಿಗೆ) ಸಾಕಾ, ನೇರ ಸಾಟಾಗೇ ಹಾಕಬೇಕಾ? ನಡುವೆ ಸದ್ದು ಶುರುವಾದರೆ ತಕ್ಷಣ ಆಫ್ ಮಾಡಿ ಡೇಟಾ ರಿಕವರಿ ಲ್ಯಾಬಿಗೆ ಕೊಡೋದೇ ಸರಿ ಅಲ್ವಾ? ಮೈಸೂರು ಕಡೆ, ಡೇಟಾ ಸಿಕ್ಕಿದರಷ್ಟೇ ದುಡ್ಡು ತಗೊಳ್ಳೋ ನಂಬಿಕಸ್ಥರು ಗೊತ್ತಿದ್ದರೆ ತಿಳಿಸಿ. ಜಮೀನಿನ ಪತ್ರಗಳ ಸ್ಕ್ಯಾನ್, ತಂಗಿ ಮದುವೆ ವಿಡಿಯೊ ಎಲ್ಲಾ ಅದರಲ್ಲೇ ಇದೆ.