ಈಗಿನ ಎನ್‌ಬಿಎಯಲ್ಲಿ ಡಿಫೆನ್ಸ್‌ಗೆ ಜಾಗ ಎಲ್ಲಿದೆ?

ಡೊಂಬಿವಲಿ ಗಾರ್ಡ್

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಎದ್ದ ಕೂಡಲೇ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಹಾಕಿಕೊಂಡು, ಹಾಫ್‌ಟೈಮ್ ಆಗುತ್ತಿದ್ದಂತೆ ಲೋಕಲ್ ಹಿಡಿಯಲು ಓಡುವವರಲ್ಲಿ ನಾನೂ ಒಬ್ಬ. ನಾನು ಮನೆ ಬಿಡುವ ಹೊತ್ತಿಗೇ ಎಷ್ಟೋ ಸಲ ಎರಡೂ ಟೀಮ್ 60 ದಾಟಿರುತ್ತವೆ. 2004ರ ಫೈನಲ್ಸ್‌ನ ಮೂರನೇ ಪಂದ್ಯದಲ್ಲಿ ಡೆಟ್ರಾಯಿಟ್ ಪಿಸ್ಟನ್ಸ್‌ನವರು ಶಾಕ್, ಕೋಬಿ ಇದ್ದ ಲೇಕರ್ಸ್ ಅನ್ನು ಇಡೀ ಪಂದ್ಯಕ್ಕೆ 68ರಲ್ಲಿ ಕಟ್ಟಿಹಾಕಿದ್ದರು. 2024ರ ಜನವರಿಯಲ್ಲಿ ಲೂಕಾ ಡಾನ್ಚಿಚ್ ಒಬ್ಬನೇ 73 ಹೊಡೆದ. ಅದೇ ವಾರ ಎಂಬೀಡ್ 70. ನಮ್ಮ ಮುಂಬೈನ ವರ್ಲಿಯ ಡೋಮ್‌ಗೆ 2019ರಲ್ಲಿ ಪೇಸರ್ಸ್ ಮತ್ತು ಕಿಂಗ್ಸ್ ಬಂದಾಗಲೂ ಅಷ್ಟೇ, ಓವರ್‌ಟೈಮ್ ಆಗಿ 132-131.

ವಾರದ ಕೊನೆಗೆ ಮಾಟುಂಗಾ, ವಡಾಳ ಕಡೆಯ ಕನ್ನಡ ಹುಡುಗರ ಒಂದು ಟೀಮ್‌ಗೆ ಆಟ ಕಲಿಸುತ್ತೇನೆ. ಚೆನ್ನಾಗಿ ಶಾಟ್ ಹೊಡೆಯುತ್ತಾರೆ. ಡಿಫೆನ್ಸ್ ಅಂದರೆ ಮಾತ್ರ ಮುಖ ಸಣ್ಣದಾಗುತ್ತದೆ. "ಎನ್‌ಬಿಎಯಲ್ಲೇ ಯಾರೂ ಮಾಡೋದಿಲ್ಲ, ನಾವ್ಯಾಕೆ ಮಾಡಬೇಕು" ಅಂತಾರೆ. ಈ ಮಾತು ನನಗೆ ತುಂಬಾ ಚುಚ್ಚುತ್ತದೆ. ನಿಜವಾಗಿಯೂ ಡಿಫೆನ್ಸ್ ಸೋತಿದೆಯಾ, ಅಥವಾ ಅದು ಬೇರೆ ರೂಪದಲ್ಲಿದೆಯಾ? ಇವರಿಗೆ ನಾನು ಏನು ಕಲಿಸಲಿ?

ಮಾಟುಂಗಾ ಹಳಬ

ಮೊದಲು ಸ್ಕೋರ್‌ಬೋರ್ಡ್ ನೋಡಿ ಡಿಫೆನ್ಸ್ ಅಳೆಯೋದನ್ನು ಬಿಡಿ. 2003-04ರಲ್ಲಿ ಒಂದು ಟೀಮ್‌ಗೆ ಪಂದ್ಯಕ್ಕೆ ಸರಾಸರಿ 93 ಅಂಕ ಬರುತ್ತಿತ್ತು, ಈಗ 114ರ ಆಸುಪಾಸು. ಆದರೆ ಆಗ ಬಾಲ್ ಕೈಗೆ ಸಿಗುತ್ತಿದ್ದದ್ದು ಸುಮಾರು 90 ಸಲ, ಈಗ 99ರ ಹತ್ತಿರ. ಅಂದರೆ ಏರಿಕೆಯಲ್ಲಿ ಹೆಚ್ಚುಕಮ್ಮಿ ಅರ್ಧ ಬರೀ ವೇಗದ್ದು. ಅದನ್ನು ಡಿಫೆಂಡರ್ ತಲೆಗೆ ಕಟ್ಟುವುದು ನ್ಯಾಯ ಅಲ್ಲ.

ಉಳಿದ ಅರ್ಧ ತ್ರೀ ಪಾಯಿಂಟರ್‌ದು, ಅಂದರೆ ದೂರದ ಗೆರೆಯ ಹೊರಗಿಂದ ಹೊಡೆಯುವ ಮೂರು ಅಂಕದ ಶಾಟ್‌ದು. ಹುಡುಗರಿಗೆ ಈ ಲೆಕ್ಕವನ್ನು ಬೋರ್ಡ್ ಮೇಲೆ ಬರೆದು ತೋರಿಸಿ. ನೂರಕ್ಕೆ 36 ತ್ರೀ ಬಿದ್ದರೆ ಒಂದೊಂದು ಶಾಟ್‌ಗೆ 1.08 ಅಂಕ. ಹದಿನೈದು ಅಡಿಯಿಂದ ಹೊಡೆಯುವ ಎರಡು ಅಂಕದ ಟೂ ನೂರಕ್ಕೆ 42 ಬಿದ್ದರೂ 0.84 ಅಷ್ಟೇ. ರಿಮ್ (ಬುಟ್ಟಿಯ ಬಳೆ) ಕೆಳಗೆ 65 ಬಿದ್ದರೆ 1.3. ಫೌಲ್ ಮಾಡಿ ಎರಡು ಫ್ರೀ ಥ್ರೋ (ಯಾರೂ ತಡೆಯದ, ಒಂದೊಂದು ಅಂಕದ ಶಾಟ್) ಕೊಟ್ಟರೆ, 78 ಪರ್ಸೆಂಟ್ ಹೊಡೆಯುವವನಿಗೆ 1.56 ಅಂಕ ನಾವೇ ಕೈಗಿಟ್ಟ ಹಾಗೆ. ಡಿಫೆನ್ಸ್‌ನ ಕೆಲಸ ಇದರಲ್ಲೇ ಇದೆ. ಎಲ್ಲಾ ಶಾಟ್ ತಡೆಯಲು ಆಗೋದಿಲ್ಲ, ಯಾವ ಶಾಟ್ ಬಿಟ್ಟುಕೊಡಬೇಕು ಅನ್ನೋದನ್ನು ನಾವು ತೀರ್ಮಾನ ಮಾಡಬೇಕು. ಮೊದಲು ಫೌಲ್ ಬೇಡ, ಆಮೇಲೆ ರಿಮ್ ಬೇಡ, ಆಮೇಲೆ ಖಾಲಿ ತ್ರೀ ಬೇಡ.

ಕಷ್ಟ ಇರೋದು ಜಾಗದಲ್ಲಿ. ಪಿಸ್ಟನ್ಸ್ ಕಾಲದಲ್ಲಿ ಒಂದು ಟೀಮ್ ಪಂದ್ಯಕ್ಕೆ 15 ತ್ರೀ ಎಸೆಯುತ್ತಿತ್ತು, ಈಗ 37. 2024-25ರ ಬಾಸ್ಟನ್ ಸೆಲ್ಟಿಕ್ಸ್ ಎಸೆದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ತ್ರೀಗಳೇ. ಎದುರಾಳಿಯ ದೊಡ್ಡ ಆಟಗಾರನೂ ತ್ರೀ ಗೆರೆಯ ಹೊರಗೆ ಬಂದು ನಿಲ್ಲುತ್ತಾನೆ, ಹಾಗಾಗಿ ನಿಮ್ಮ ಎತ್ತರದ ಹುಡುಗ ರಿಮ್ ಬಿಟ್ಟು ಅವನ ಹಿಂದೆ ಹೋಗಲೇಬೇಕಾಗುತ್ತದೆ, ಒಳಗೆ ಖಾಲಿ ಬಯಲು. ಇಂಥ ಕಡೆ "ನಿನ್ನವನನ್ನು ನೀನು ನೋಡಿಕೋ" ಅನ್ನುವ ಡಿಫೆನ್ಸ್ ನಡೆಯೋದಿಲ್ಲ. ಕಬಡ್ಡಿಯಲ್ಲಿ ರೈಡರ್ ಒಂದು ಕಡೆ ಕಾಲು ಹಾಕಿದರೆ ಇಡೀ ಸಾಲು ಸರಿಯುತ್ತದಲ್ವಾ, ಇಲ್ಲಿ ಐದೂ ಜನ ಹಾಗೆ ಸರಿಯಬೇಕು.

ಇದನ್ನು ಈಗ ಚೆನ್ನಾಗಿ ಮಾಡುವವರು ಯಾರು ಅಂದರೆ ಒಕ್ಲಹಾಮ ಸಿಟಿ ಥಂಡರ್. 2024-25ರಲ್ಲಿ 68 ಗೆಲುವು, ಪಂದ್ಯಕ್ಕೆ ಸರಾಸರಿ 12.9 ಅಂಕದ ಅಂತರ, ಅದು ಲೀಗ್‌ನ ದಾಖಲೆ, ಕೊನೆಗೆ ಕಪ್ಪೂ ಅವರದೇ. ಅವರ ಗುಟ್ಟು ಶಾಟ್ ತಡೆಯೋದರಲ್ಲಿ ಮಾತ್ರ ಇಲ್ಲ. ಶಾಟ್‌ಗೇ ಬಿಡೋದಿಲ್ಲ. ಡಾರ್ಟ್, ಕರೂಸೊ, ವಾಲೆಸ್, ಜೇಲೆನ್ ವಿಲಿಯಮ್ಸ್ ಬಾಲ್ ಹಿಡಿದವನ ಮೈಮೇಲೇ ಇರುತ್ತಾರೆ, ಪಾಸ್ ದಾರಿಯಲ್ಲಿ ಕೈ ಇಟ್ಟಿರುತ್ತಾರೆ. ಕಸಿದ ಬಾಲ್ ಎದುರಾಳಿಗೆ ಸೊನ್ನೆ, ಇವರಿಗೆ ಸುಲಭದ ಲೇಅಪ್. ಹಿಂದೆ ಹೋಮ್‌ಗ್ರೆನ್, ಹಾರ್ಟನ್‌ಸ್ಟೈನ್ ನಿಂತಿರೋದರಿಂದ ಮುಂದಿನವರು ಧೈರ್ಯವಾಗಿ ಕೈ ಹಾಕುತ್ತಾರೆ. ಒಳಗೆ ಇಷ್ಟು ಜನ ತುಂಬಿಕೊಂಡಾಗ ಮೂಲೆಯ ತ್ರೀ ಒಂದಷ್ಟು ಹೋಗುತ್ತದೆ, ಅದನ್ನು ಗೊತ್ತಿದ್ದೇ ಬಿಡುತ್ತಾರೆ.

2025ರ ಮೇ ತಿಂಗಳಲ್ಲಿ ಡೆನ್ವರ್ ವಿರುದ್ಧದ ಏಳನೇ ಪಂದ್ಯದ ವಿಡಿಯೊ ಹುಡುಗರಿಗೆ ತೋರಿಸಿ. ಡೆನ್ವರ್‌ನ ಯೋಕಿಚ್ ಎತ್ತರ 211 ಸೆಂಟಿಮೀಟರ್. ಥಂಡರ್ ಕೋಚ್ ಅವನ ಮೇಲೆ ಬಿಟ್ಟದ್ದು 196ರ ಕರೂಸೊನನ್ನು. ಕರೂಸೊ ಹಿಂದೆ ನಿಂತು ತಳ್ಳಿಸಿಕೊಳ್ಳಲಿಲ್ಲ. ಯೋಕಿಚ್ ಮುಂದೆ ಬಂದು, ಬಾಲ್ ಮತ್ತು ಅವನ ನಡುವೆ ನಿಂತುಬಿಟ್ಟ. ಸೊಂಟ ಕೆಳಗೆ, ಕೈ ಮೇಲೆ, ಪಾಸ್ ಬರುವ ದಾರಿಯೇ ಮುಚ್ಚಿತು. ಮೇಲಿಂದ ಎಸೆದರೆ ಹಿಂದೆ ಉದ್ದನೆಯವರು ಕಾಯುತ್ತಿದ್ದರು. ಲೀಗ್‌ನ ಅತಿ ದೊಡ್ಡ ಪಾಸರ್‌ಗೆ ಬಾಲ್ ಮುಟ್ಟೋದೇ ಕಷ್ಟ ಆಯಿತು. ಥಂಡರ್ 125-93. ಯಾರೂ ಡಿಫೆನ್ಸ್ ಮಾಡೋದಿಲ್ಲ ಅನ್ನುವವರು ಇದನ್ನು ನೋಡಿದ ಮೇಲೆ ಏನು ಹೇಳುತ್ತಾರೋ ಕೇಳಿ.

ವಾಶಿ ವಿಂಗ್

ಹಳಬರು ಹೇಳಿದ್ದೆಲ್ಲಾ ಸರಿ, ಆದರೆ ನಿಯಮದ ಮಾತೇ ಬರಲಿಲ್ಲ. 2004-05ರಿಂದ ಹ್ಯಾಂಡ್ ಚೆಕ್‌ಗೆ ಕಟ್ಟುನಿಟ್ಟಾಗಿ ಫೌಲ್ ಕೊಡಲು ಶುರು ಮಾಡಿದರು. ಅಂದರೆ ಹೊರಗೆ ಡ್ರಿಬಲ್ ಮಾಡುವವನ ಸೊಂಟಕ್ಕೆ ಕೈ ಇಟ್ಟು ನಿಧಾನ ಮಾಡೋ ಹಾಗಿಲ್ಲ. 2001-02ರಲ್ಲಿ ಝೋನ್‌ಗೆ (ಒಬ್ಬೊಬ್ಬ ಆಟಗಾರನ ಬದಲು ಒಂದೊಂದು ಜಾಗ ಕಾಯುವ ಡಿಫೆನ್ಸ್‌ಗೆ) ಅನುಮತಿ ಕೊಟ್ಟರು ನಿಜ, ಆದರೆ ಜೊತೆಗೇ ಡಿಫೆನ್ಸಿವ್ ತ್ರೀ ಸೆಕೆಂಡ್ಸ್ ತಂದರು, ಹತ್ತಿರ ಯಾರನ್ನೂ ಕಾಯದೆ ದೊಡ್ಡವನು ಪೇಂಟ್‌ನಲ್ಲಿ (ರಿಮ್ ಮುಂದಿನ ಬಣ್ಣದ ಚೌಕದಲ್ಲಿ) ಮೂರು ಸೆಕೆಂಡ್‌ಗಿಂತ ಜಾಸ್ತಿ ಸುಮ್ನೆ ನಿಂತಿರೋ ಹಾಗಿಲ್ಲ. ಎರಡೂ ಕೈ ಕಟ್ಟಿ ಆಮೇಲೆ ಡಿಫೆನ್ಸ್ ಸರಿ ಇಲ್ಲ ಅಂದರೆ ಹೇಗೆ?

2024ರ ಆಲ್‌ಸ್ಟಾರ್ ಪಂದ್ಯ 211-186ಕ್ಕೆ ಮುಗಿದದ್ದು ನೆನಪಿದೆಯಲ್ವಾ? ಅಲ್ಲಿಂದಾಚೆ ರೆಫರಿಗಳು ಫೌಲ್ ಕೊಡೋದು ಕಮ್ಮಿ ಆಯಿತು, ಆ ಸೀಸನ್‌ನ ಉಳಿದ ಪಂದ್ಯಗಳಲ್ಲಿ ಸ್ಕೋರೂ ಇಳಿಯಿತು. ಆಟಗಾರರು ಅವರೇ, ಕೋಚ್‌ಗಳೂ ಅವರೇ. ಸೀಟಿ ಮಾತ್ರ ಬೇರೆ. ನನ್ನ ಕೇಳಿದರೆ ಆ ತ್ರೀ ಸೆಕೆಂಡ್ಸ್ ನಿಯಮವನ್ನೇ ತೆಗೆಯಬೇಕು. ಡಿಫೆನ್ಸ್‌ನ ಅರ್ಧ ಕಷ್ಟ ಅಲ್ಲೇ ತೀರುತ್ತದೆ.

ಕೋಥ್ರೂಡ್ ಸೆಂಟರ್

ಪುಣೆಯಿಂದ ನನ್ನದೂ ಎರಡು ಮಾತು. ನಾನು ಪೇಂಟ್‌ನಲ್ಲೇ ಆಡಿ ಬೆಳೆದವಳು, ಹಾಗಾಗಿ ಈ ವಿಷಯದಲ್ಲಿ ನನಗೆ ಸ್ವಲ್ಪ ಹಟ ಜಾಸ್ತಿ.

ವಾಶಿಯವರೇ, ನೀವು ತೆಗೆಯಬೇಕು ಅನ್ನೋ ನಿಯಮ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫೀಬಾದಲ್ಲಿ ಇಲ್ಲವೇ ಇಲ್ಲ, ಮತ್ತೆ ನಮ್ಮ ಟೂರ್ನಮೆಂಟ್‌ಗಳೆಲ್ಲಾ ಫೀಬಾ ನಿಯಮದಲ್ಲೇ ನಡೆಯುತ್ತವೆ. ತ್ರೀ ಗೆರೆಯೂ ಹತ್ತಿರ. ಎನ್‌ಬಿಎಯಲ್ಲಿ ಮೇಲ್ಗಡೆ 7.24 ಮೀಟರ್, ನಮ್ಮಲ್ಲಿ 6.75. ಪೇಂಟ್‌ನಲ್ಲಿರುವ ಡಿಫೆಂಡರ್ ಶೂಟರ್ ಹತ್ತಿರ ಓಡಲು ಅರ್ಧ ಮೀಟರ್ ಉಳಿಯುತ್ತದೆ. ಇಷ್ಟು ಅನುಕೂಲ ಇಟ್ಟುಕೊಂಡು ಹುಡುಗರಿಗೆ ಥಂಡರ್ ತರಹ ಕಸಿಯಲು ಹೇಳಿದರೆ ಮೊದಲ ಕ್ವಾರ್ಟರ್‌ನಲ್ಲೇ ಫೌಲ್ ತುಂಬಿ ಬೆಂಚ್‌ನಲ್ಲಿ ಕೂರುತ್ತಾರೆ. ಹಾಗೆ ಕೈ ಹಾಕಲು ಅಂಥ ಆಟಗಾರರು ಬೇಕು.

2023-24ರ ಮಿನೆಸೋಟ ನೋಡಿ. ಆ ವರ್ಷದ ನಂಬರ್ ಒನ್ ಡಿಫೆನ್ಸ್. ಅವರ ಎತ್ತರದ ಗೊಬೇರ್ ಹೆಚ್ಚಾಗಿ ಸ್ಕ್ರೀನ್‌ನಿಂದ (ಎದುರಾಳಿ ಅಡ್ಡ ನಿಂತು ಡಿಫೆಂಡರ್ ದಾರಿ ಕಟ್ಟುವ ಕಡೆಯಿಂದ) ಹಿಂದೆ ಸರಿದು ರಿಮ್ ಹತ್ತಿರವೇ ಇರುತ್ತಿದ್ದ, ಮೆಕ್‌ಡ್ಯಾನಿಯಲ್ಸ್ ತರಹದ ಉದ್ದ ಕೈಯವರು ಶೂಟರ್ ಹಿಂದಿನಿಂದ ಅಂಟಿಕೊಂಡು ಬರುತ್ತಿದ್ದರು. ಬಾಲ್ ಹಿಡಿದವನಿಗೆ ಉಳಿದದ್ದು ಅದೇ ಹದಿನೈದು ಅಡಿಯ ಟೂ. ಹಳಬರ ಲೆಕ್ಕದ 0.84! ಗೊಬೇರ್ ಆ ವರ್ಷ ನಾಲ್ಕನೇ ಸಲ ಅತ್ಯುತ್ತಮ ಡಿಫೆಂಡರ್ ಆದ. ದೊಡ್ಡವರ ಕಾಲ ಮುಗಿಯಿತು ಅಂತ ಎಲ್ಲರೂ ಬರೆಯುತ್ತಿದ್ದ ಕಾಲದಲ್ಲಿ!

ಝೋನ್ ಅನ್ನೂ ಮಕ್ಕಳಾಟ ಅಂತ ತಳ್ಳಿಹಾಕಬೇಡಿ. ಮಯಾಮಿಯ ಕೋಚ್ ಸ್ಪೋಲ್ಸ್ಟ್ರಾ ಪ್ಲೇಆಫ್‌ನಲ್ಲೂ ಆಡಿಸುತ್ತಾರೆ. 2019ರ ಫೈನಲ್ಸ್‌ನಲ್ಲಿ ಟೊರೊಂಟೊದವರು ಗೋಲ್ಡನ್ ಸ್ಟೇಟ್‌ನ ಶೂಟರ್ ಸ್ಟೆಫನ್ ಕರಿ ಮೇಲೆ ಬಾಕ್ಸ್ ಅಂಡ್ ವನ್ ಹಾಕಿದ್ದರು, ಒಬ್ಬ ಕರಿಗೆ ಅಂಟಿಕೊಂಡ, ಉಳಿದ ನಾಲ್ವರು ಚೌಕವಾಗಿ ನಿಂತರು. ಸದಾ ಅದನ್ನೇ ಆಡಬೇಕು ಅಂತಲ್ಲ. ಟೈಮ್‌ಔಟ್ ಆದ ಮೇಲೆ ಎರಡು ಸಲ ಝೋನ್, ಮತ್ತೆ ಅವರವರ ಆಟಗಾರನನ್ನು ಕಾಯುವ ಮ್ಯಾನ್. ಎದುರಿನ ಗಾರ್ಡ್ ಏನಿದು ಅಂತ ನೋಡುವಷ್ಟರಲ್ಲಿ ಎಂಟು ಸೆಕೆಂಡ್ ಹೋಗಿರುತ್ತದೆ.

ಒಂದು ಕಡೆ ಮಾತ್ರ ನಾನು ಒಪ್ಪೋದಿಲ್ಲ. ಮೂಲೆಯ ತ್ರೀ ಬಿಟ್ಟುಕೊಡೋದನ್ನು ಹುಡುಗರಿಗೆ ಕಲಿಸಬೇಡಿ. ಅದು ಎಲ್ಲಕ್ಕಿಂತ ಹತ್ತಿರದ ತ್ರೀ.

ಡೊಂಬಿವಲಿ ಗಾರ್ಡ್

ತುಂಬಾ ಧನ್ಯವಾದ, ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ನಮ್ಮ ಟೀಮ್‌ನಲ್ಲಿ 185 ಸೆಂಟಿಮೀಟರ್ ದಾಟಿದವರು ಯಾರೂ ಇಲ್ಲ, ಗೊಬೇರ್ ಎಲ್ಲಿಂದ ತರಲಿ? ಇನ್ನೊಂದು, ಮೂಲೆಯಲ್ಲಿರುವವನು ರಿಮ್ ಕಾಯಲು ಒಳಗೆ ಬಂದರೆ ವಾಪಸ್ ಹೋಗೋದು ಯಾವಾಗಲೂ ತಡ ಆಗುತ್ತದೆ. ಶೂಟರ್ ಹತ್ತಿರ ಓಡಿ ಹಾರುತ್ತಾರೆ, ಅವನು ಒಂದು ಡ್ರಿಬಲ್ ಹಾಕಿ ಪಕ್ಕದಲ್ಲೇ ಹೋಗಿಬಿಡುತ್ತಾನೆ. ಇದಕ್ಕೇನು ಮಾಡಲಿ?

ಮಾಟುಂಗಾ ಹಳಬ

ಕೋಥ್ರೂಡ್‌ನವರ ಮಾತು ಹುಡುಗರ ಮಟ್ಟಕ್ಕೆ ಸರಿ, ಆದರೆ ಮೂಲೆಯಲ್ಲಿ ಯಾರು ನಿಂತಿದ್ದಾನೆ ಅನ್ನೋದನ್ನು ನೋಡಿ. ಅವನು ಶೂಟರ್ ಆದರೆ ಬಿಡಬೇಡಿ. ಅಲ್ಲ ಅಂದರೆ ರಿಮ್ ಮುಖ್ಯ. ಎತ್ತರ ಇಲ್ಲದಿದ್ದರೆ ಬ್ಲಾಕ್ ಆಸೆ ಬಿಟ್ಟು, ಎದೆ ಕೊಟ್ಟು ಬಾಲ್ ದಾರಿಯಲ್ಲಿ ಮೊದಲೇ ನಿಲ್ಲಲಿ.

ನೀವು ಹೇಳಿದ ತೊಂದರೆಗೆ ಕಾರಣ ವೇಗ ಅಲ್ಲ, ಹೊರಡುವ ಹೊತ್ತು. ಹುಡುಗರು ಶೂಟರ್ ಬಾಲ್ ಹಿಡಿದ ಮೇಲೆ ಓಡುತ್ತಾರೆ. ಪಾಸ್ ಕೊಡುವವನ ಕೈಯಿಂದ ಬಾಲ್ ಬಿಟ್ಟ ಕ್ಷಣ ಓಡಬೇಕು. ಬಾಲ್ ಗಾಳಿಯಲ್ಲಿರುವಾಗ ಎರಡು ಮೂರು ದೊಡ್ಡ ಹೆಜ್ಜೆ, ಹತ್ತಿರ ಬಂದಾಗ ಸಣ್ಣ ಸಣ್ಣ ಹೆಜ್ಜೆ, ಸೊಂಟ ಇಳಿಸಿ, ಒಂದು ಕೈ ಮಾತ್ರ ಮೇಲೆ. ಕಾಲು ನೆಲ ಬಿಡಬಾರದು, ಅವನು ಶಾಟ್‌ಗೆ ಎದ್ದ ಮೇಲೆಯೇ ಏಳಬೇಕು. ಅವನು ಡ್ರಿಬಲ್ ಹಾಕಿದರೆ ಬೇಸ್‌ಲೈನ್ (ಬುಟ್ಟಿಯ ಹಿಂದಿನ ಅಂಚಿನ ಗೆರೆ) ಕಡೆ ಹೋಗಲಿ, ಮಧ್ಯಕ್ಕೆ ಬಿಡಬೇಡಿ. ಮಧ್ಯಕ್ಕೆ ಬಂದರೆ ಎರಡೂ ಕಡೆ ಪಾಸ್ ತೆರೆಯುತ್ತದೆ.

ಇನ್ನು ವಾಪಸ್ ಹೋಗೋದು. ಒಳಗೆ ಬಂದವನೇ ತನ್ನ ಮೂಲೆಗೆ ಓಡಬೇಕು ಅಂತ ಇಲ್ಲ. ಪಕ್ಕದ ವಿಂಗ್‌ನಲ್ಲಿ (ಮೂಲೆಗಿಂತ ಮೇಲಿನ ಬದಿಯಲ್ಲಿ) ಇರುವವನು ಮೂಲೆಗೆ ಹೋಗುತ್ತಾನೆ, ಒಳಗಿದ್ದವನು ವಿಂಗ್‌ಗೆ ಹೊರಡುತ್ತಾನೆ. ದಾರಿ ಅಡ್ಡಡ್ಡ ಆಗುತ್ತದೆ, ಅದಕ್ಕೇ ಎಕ್ಸ್ ಔಟ್ ಅಂತಾರೆ. ಇದು ನಡೆಯೋದು ಬಾಯಿ ಬಿಟ್ಟು ಕೂಗಿದರೆ ಮಾತ್ರ. ಪ್ರಾಕ್ಟೀಸ್‌ನಲ್ಲಿ ಮೂವರು ಡಿಫೆಂಡರ್, ನಾಲ್ವರು ಅಟ್ಯಾಕರ್ ಇಟ್ಟು ಆಡಿಸಿ. ಒಬ್ಬ ಯಾವಾಗಲೂ ಖಾಲಿ ಇರುತ್ತಾನೆ, ಅವನ ಕಡೆ ಯಾರು ಅಂತ ಮೂವರೂ ಕೂಗಲೇಬೇಕು. ಕೂಗದಿದ್ದರೆ ಮತ್ತೆ ಮೊದಲಿಂದ.

ಒಂದು ಸಂಜೆ ನಾಗ್‌ಪಾಡಾದ ಮಸ್ತಾನ್ ವೈಎಂಸಿಎ ಕೋರ್ಟ್‌ಗೆ ಹುಡುಗರನ್ನು ಕರೆದುಕೊಂಡು ಹೋಗಿ. ಬಾಲ್ ಕಡೆ ನೋಡೋದು ಬೇಡ ಅಂತ ಹೇಳಿ. ಬಾಲ್ ಇಲ್ಲದ ಕಡೆಯ ಡಿಫೆಂಡರ್‌ಗಳ ಕಾಲು ನೋಡಲಿ, ಅವರ ಬಾಯಿ ಕೇಳಿಸಿಕೊಳ್ಳಲಿ. ಮುಂದಿನ ಶನಿವಾರ ನಿಮ್ಮ ಪ್ರಾಕ್ಟೀಸ್ ಎಷ್ಟು ಗಂಟೆಗೆ? ಆಗೋದಾದರೆ ನಾನೂ ಬರುತ್ತೇನೆ.